ಹುಳದ ಮನೆಯ ಕಾನೂನು

ಮಧುವನಹಳ್ಳಿಯ ಕೆಂಪನಂಜಪ್ಪನವರ ಆ ದಿನವನ್ನು ಕೆಡಿಸಿದ್ದು ಅಂಗೈಯಗಲದ ಒಂದು ಚೀಟಿ. ಅದೂ ಅವರ ಹತ್ತಿರ ಇಲ್ಲದೇ ಇದ್ದ ಚೀಟಿ.

ಅವತ್ತು ಸಂಜೆ ಐದಕ್ಕೆ ಹೊನ್ನೂರಿನ ಬೀಗರ ಮನೆಯಲ್ಲಿ ಮೊಮ್ಮಗನ ನಾಮಕರಣ. ಹೆಂಡತಿ ಸುವರ್ಣಮ್ಮ, ಮಗ ಶಾಂತಮೂರ್ತಿ ಹಿಂದಿನ ದಿನವೇ ಹೋಗಿದ್ದರು. ಕೆಂಪನಂಜಪ್ಪನವರು ಬೆಳಿಗ್ಗೆ ಒಂಬತ್ತಕ್ಕೇ ಗರಿಗರಿ ಪಂಚೆ ಉಟ್ಟು, ರೇಷ್ಮೆ ಶಲ್ಯ ಹೆಗಲಿಗೇರಿಸಿ, ಕನ್ನಡಿಯ ಮುಂದೆ ನಿಂತು, ಮಗುವನ್ನು ಎತ್ತಿಕೊಂಡವರ ಹಾಗೆ ಎರಡು ಕೈ ಕೂಡಿಸಿ ತೂಗಿ ತೂಗಿ ಅಭ್ಯಾಸ ಮಾಡುತ್ತಿದ್ದರು. ಅವರ ಮನೆತನದಲ್ಲಿ ಒಂದು ರೂಢಿ. ಕರೆಯುವ ಹೆಸರನ್ನು ಹುಡುಗರು ಏನಾದರೂ ಇಟ್ಟುಕೊಳ್ಳಲಿ, ತಾತನಾದವನು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಅದರ ಕಿವಿಯಲ್ಲಿ ಒಬ್ಬ ಹಿರಿಯರ ಹೆಸರನ್ನು ಮೂರು ಸಲ ಹೇಳಬೇಕು. ಮೊದಲ ಹಕ್ಕು ಅಪ್ಪನ ಕಡೆಯ ತಾತನದು, ಅವನಿಗಾಗದಿದ್ದರೆ ಅಮ್ಮನ ಕಡೆಯವನದು. ಯಾವ ಹಿರಿಯರು ಅನ್ನುವುದು ಹೇಳುವ ತಾತನ ಇಷ್ಟ. ಕೆಂಪನಂಜಪ್ಪನವರು ತಮ್ಮ ಅಪ್ಪನ ಹೆಸರನ್ನು ಹೇಳುವುದಕ್ಕಾಗಿ ನಲವತ್ತು ದಿನದಿಂದ ಕಾದಿದ್ದರು. 

ಆಗ ಫೋನು ಬಂತು. ಸೊಸೆ ಸೌಮ್ಯ. ನರ್ಸ್ ಕೆಲಸದಲ್ಲಿರುವ ಹುಡುಗಿ, ಮಾತು ಮೆತ್ತಗೆ, ಕಟ್ಟುನಿಟ್ಟು ಬಲು ಗಟ್ಟಿ.

“ಮಾವ, ಬರುವಾಗ ಆ ಫ್ಲೂ ಇಂಜೆಕ್ಷನ್ ಚೀಟಿ ತನ್ನಿ. ಮರೀಬೇಡಿ.”

“ಅದ್ಯಾಕವ್ವಾ ಈಗ?”

“ತನ್ನಿ ಮಾವ, ಬೇಕು,” ಅಂದವಳೇ ಫೋನಿಟ್ಟಳು. ಹಿಂದುಗಡೆ ಮಗು ಅಳುತ್ತಿತ್ತು.

ಕೆಂಪನಂಜಪ್ಪನವರು ಮಂಚದ ಮೇಲೆ ಕುಸಿದರು. ಆಗಿದ್ದು ಇಷ್ಟು. ಸೌಮ್ಯ ಬಸುರಿಯಾಗಿದ್ದಾಗಲೇ ತಾನು ಫ್ಲೂ ಲಸಿಕೆ ಹಾಕಿಸಿಕೊಂಡು, ಎರಡೂ ಮನೆಯವರಿಗೆ ಹೇಳಿದ್ದಳು: “ಆರು ತಿಂಗಳು ತುಂಬೋವರೆಗೂ ಮಗೂಗೆ ಈ ಲಸಿಕೆ ಹಾಕೋ ಹಾಗಿಲ್ಲ. ಅದಕ್ಕೇ ಸುತ್ತಮುತ್ತ ಇರೋರು ಹಾಕಿಸ್ಕೋಬೇಕು. ಹಾಕಿಸ್ಕೊಂಡೋರೇ ಮಗೂನ ಎತ್ಕೊಳ್ಳೋದು.” ಸೀಮಂತದ ಮಾರನೆಯ ದಿನ ಎಲ್ಲರನ್ನೂ ಯಳಂದೂರಿಗೆ ಕರೆದುಕೊಂಡು ಹೋಗಿ ಹಾಕಿಸಿಯೂ ಬಿಟ್ಟಿದ್ದಳು. ತಪ್ಪಿಸಿಕೊಂಡವರು ಒಬ್ಬರೇ. “ಉಳ ನಾಲ್ಕನೇ ಜ್ವರದಲ್ಲವೆ ಕಣವ್ವ, ನಾ ಬರಂಗಿಲ್ಲ” ಎಂದು ಕೆಂಪನಂಜಪ್ಪನವರು ಸೀಮಂತಕ್ಕೇ ಹೋಗಿರಲಿಲ್ಲ. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಸಾಕುವವರು ಜ್ವರ ಅನ್ನುತ್ತಾರೆ. ಒಂದು ವಾರ ಬಿಟ್ಟು ಫೋನಿನಲ್ಲಿ, “ಕೊಳ್ಳೇಗಾಲದಲ್ಲೇ ಆಕುಸ್ಕಂಡೆ ಬುಡವ್ವ, ಇರುವೆ ಕಚ್ದಂಗೂ ಆಗ್ನಿಲ್ಲ” ಅಂದಿದ್ದರು.

ಶುದ್ಧ ಸುಳ್ಳು. ಊರಿಗೇ ಗದರುವ ಆಸಾಮಿಗೆ ಸೂಜಿ ಕಂಡರೆ ಜೀವ ಹೋಗುತ್ತದೆ. ಕೊರೋನಾ ಕಾಲದಲ್ಲಿ ಲಸಿಕೆಯವರು ಊರಿಗೆ ಬಂದಾಗ ಇವರು ಹಿಪ್ಪುನೇರಳೆ ತೋಟದಲ್ಲಿ ಅವಿತು ಕೂತಿದ್ದರು. ಸುವರ್ಣಮ್ಮನೇ ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು.

ಹಾಗಂತ ಕೆಂಪನಂಜಪ್ಪನವರಿಗೆ ಶುಚಿ, ನಿಯಮ ಗೊತ್ತಿಲ್ಲ ಅಂದುಕೊಳ್ಳಬೇಡಿ. ಅವರ ಹುಳದ ಮನೆಯ ಕಾನೂನು ಸುತ್ತ ಹತ್ತೂರಿಗೆ ಪ್ರಸಿದ್ಧ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಟಬ್ಬು. ಅದರಲ್ಲಿ ಕಾಲು ಅದ್ದದೆ ದೇವರು ಬಂದರೂ ಒಳಗೆ ಬಿಡುವುದಿಲ್ಲ. ಹೋದ ಕಾರ್ತಿಕದಲ್ಲಿ ಹೊನ್ನೂರಿನ ಬೀಗರು, ಅಂದರೆ ಸೌಮ್ಯಳ ಅಪ್ಪ ಶಿವಮಲ್ಲಪ್ಪನವರು, ಆಸೆಪಟ್ಟು ಹುಳ ನೋಡಲು ಬಂದಿದ್ದರು. ಪಂಚೆ ಎತ್ತಿ ಕಟ್ಟಿ ಟಬ್ಬಿನಲ್ಲಿ ಕಾಲೂ ಇಟ್ಟಿದ್ದರು. ಅಷ್ಟರಲ್ಲಿ ಅವರ ಬಾಯಿಂದ ಕಡ್ಡಿಪುಡಿ ವಾಸನೆ ಬಂತು. ಹೊಗೆಸೊಪ್ಪಿನ ಗಾಳಿ ತಾಗಿದರೆ ಹುಳ ಉಳಿಯುವುದಿಲ್ಲ. ಕೆಂಪನಂಜಪ್ಪನವರು ಬಾಗಿಲಿಗೆ ಅಡ್ಡ ನಿಂತು ಹೇಳಿದ್ದರು:

“ಬೀಗ್ರೇ, ಬೇಜಾರ್ ಮಾಡ್ಕಬೇಡಿ. ಉಳ ಎಳೇವು. ಅದಿನೈದ್ ದಿನ ಬುಟ್ಟು ಬನ್ನಿ, ಗೂಡ್ ಕಟ್ಟಿರ್ತವೆ. ಆಗ ಕಣ್ತುಂಬ ನೋಡೀರಂತೆ.”

ಶಿವಮಲ್ಲಪ್ಪನವರು ಟಬ್ಬಿನಲ್ಲಿ ನಿಂತಲ್ಲೇ ನಕ್ಕು, “ಕಾನೂನು ಅಂದ್ರೆ ಕಾನೂನೇ ಬುಡಿ ಬೀಗ್ರೇ” ಅಂದು ಒದ್ದೆ ಕಾಲಲ್ಲೇ ಬಸ್ಸು ಹತ್ತಿದ್ದರು. ಆ ನಗುವನ್ನು ಕೆಂಪನಂಜಪ್ಪನವರು ಅವತ್ತೇ ಮರೆತರು.

ಈಗ ಚೀಟಿಯ ಗತಿ?

“ಏನಣ್ಣೋ, ಒಳ್ಳೇ ಮದ್ವೆ ಗಂಡ್ನಂಗೆ ಕುಂತಿದ್ದೀಯೆ, ಮಕ ಯಾಕ ಇಂಗದೆ?” ಕಾಂಪೌಂಡಿನ ಆಚೆಯಿಂದ ಮಂಟೇಸ್ವಾಮಿಯ ತಲೆ ಎದ್ದಿತು. ಪಕ್ಕದ ಮನೆಯವನು. ಕೊಳ್ಳೇಗಾಲದ ಮಾರ್ಕೆಟ್ಟಿಗೆ ಗೂಡು ಸಾಗಿಸುವ ಲಗೇಜ್ ಆಟೊ ಇಟ್ಟುಕೊಂಡಿದ್ದಾನೆ. ಕರೆಯದಿದ್ದರೂ ಬರುವುದು, ಕೇಳದಿದ್ದರೂ ಹೇಳುವುದು ಅವನ ಗುಣ. ಕೆಂಪನಂಜಪ್ಪನವರು ವಿಧಿಯಿಲ್ಲದೆ ಗುಟ್ಟು ಬಿಚ್ಚಿದರು.

“ಇಷ್ಟೇಯಾ? ಆಟೊ ಅತ್ತು ಬಾ, ಕೊಳ್ಳೇಗಾಲ್ದಲ್ಲಿ ಅರ್ಧ ಗಂಟೆ ಕೆಲ್ಸ. ಚುಚ್ಚುಸ್ಕಂಡು, ಚೀಟಿ ಇಸ್ಕಂಡು, ಊಟದೊತ್ಗೆ ಒನ್ನೂರಲ್ಲಿರ್ತೀಯ.”

“ನೀ ಬಾಯ್ ಮುಚ್ಕಂಡಿದ್ರೆ ಸರಿ ಕಣ್ಲಾ.”

“ನಾನಾ? ನನ್ ಬಾಯಿ ಬೀಗ ಆಕ್ದಂಗೆ!” ಅಂದ ಮಂಟೇಸ್ವಾಮಿ. ದಾರಿಯಲ್ಲಿ ಸಿಕ್ಕ ಮೂವರಿಗೆ ತಾವು ಎಲ್ಲಿಗೆ ಹೊರಟಿದ್ದೇವೆಂದು ಹೇಳಿದ.

ಕೊಳ್ಳೇಗಾಲದ ಕ್ಲಿನಿಕ್ಕಿನಲ್ಲಿ ಡಾಕ್ಟರು ಎರಡು ನಿಮಿಷದಲ್ಲಿ ಔಷಧಿಯ ಚೀಟಿ ಬರೆದುಕೊಟ್ಟರು. ಲಸಿಕೆಯನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಸ್ಟೋರಿನಿಂದ ತರಬೇಕು, ಚುಚ್ಚುವುದು ಇಲ್ಲಿ. ಮೆಡಿಕಲ್ ಸ್ಟೋರಿನ ಬಸವಕುಮಾರ್ ಫ್ರಿಜ್ಜಿನಿಂದ ಸಣ್ಣ ಡಬ್ಬಿ ತೆಗೆದು, ತಣ್ಣನೆಯ ಚೀಲದಲ್ಲಿಟ್ಟು, “ಇದು ಎರಡರಿಂದ ಎಂಟು ಡಿಗ್ರಿಲೇ ಇರ್ಬೇಕು ಯಜಮಾನ್ರೇ. ಬಿಸಿಲೂ ತಾಗಬಾರ್ದು, ಐಸೂ ಆಗಬಾರ್ದು. ನೇರ ಕ್ಲಿನಿಕ್ಕಿಗೆ ನಡೀರಿ” ಅಂದ.

“ಲೋ ಬಸವಕುಮಾರ್, ಮೂವತ್ತೊರ್ಸದಿಂದ ರೇಷ್ಮೆ ಮೊಟ್ಟೆ ತಂದು ಸಾಕಿರೋನು ನಾನು. ನಂಗೇ ಏಳ್ಕೊಡ್ತೀಯಾ?”

ಧೈರ್ಯವೇನೋ ಬಾಯಲ್ಲಿತ್ತು. ಕಾಲು ಮಾತ್ರ ಕ್ಲಿನಿಕ್ಕಿನ ಕಡೆ ಏಳಲಿಲ್ಲ. ಇದನ್ನು ಮಂಟೇಸ್ವಾಮಿ ಕಂಡ.

“ಅಣ್ಣ, ಬರೀ ಒಟ್ಟೇಲಿ ಸೂಜಿ ಬ್ಯಾಡ. ತಲೆ ಸುತ್ತಿ ಬಿದ್ಗಿದ್ಬುಟ್ಟೀಯೆ. ಮೊದ್ಲು ದೋಸೆ ತಿನ್ನುಮ ಬಾ.”

ಕೆಂಪನಂಜಪ್ಪನವರಿಗೆ ಅಷ್ಟು ಸಾಕಾಗಿತ್ತು. ಒಂದು ದೋಸೆ ಎರಡಾಯಿತು. ಪರಿಚಯದವರು ಸಿಕ್ಕರು, ಗೂಡಿನ ಧಾರಣೆಯ ಮಾತು ಬಂತು, ಒಂದು ಗಂಟೆ ಮೀರಿತು. ಚೀಲ ಮೇಜಿನ ಮೇಲೆ ಬಿಸಿಯಾಗಬಾರದೆಂದು ಮಂಟೇಸ್ವಾಮಿ ಮೊದಲೇ ಒಂದು ಉಪಕಾರ ಮಾಡಿದ್ದ. ಡಬ್ಬಿಯನ್ನು ಹೋಟೆಲಿನ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ, ಕೆಳಕ್ಕೆ, ಚೆನ್ನಾಗಿ ತಣ್ಣಗಿರಲೆಂದು ಹುಗಿದಿಟ್ಟಿದ್ದ.

ಕ್ಲಿನಿಕ್ಕಿನ ನರ್ಸ್ ಮೀನಾ ಡಬ್ಬಿ ತೆರೆದು ನೋಡಿ ಹುಬ್ಬು ಏರಿಸಿದಳು.

“ಏನ್ ಯಜಮಾನ್ರೇ, ಕಲ್ಲಾಗಿದೆಯಲ್ಲ ಇದು! ಎಲ್ಲಿಟ್ಟಿದ್ರಿ?”

“ತಣ್ಣಗದೆ ಕಣವ್ವ. ಒಳ್ಳೇದಲ್ವಾ?”

“ತಣ್ಣಗಿರೋದು ಬೇರೆ, ಗಡ್ಡೆ ಕಟ್ಟೋದು ಬೇರೆ. ಒಂದ್ಸಲ ಗಡ್ಡೆ ಕಟ್ಟಿದ್ರೆ ಮುಗೀತು. ಹಾಕೋ ಹಾಗಿಲ್ಲ.”

“ಒಸಿ ಬಿಸ್ಲಲ್ಲಿ ಮಡುಗ್ಲಾ ಮೇಡಂ? ಕರಗ್ತದೆ,” ಅಂದ ಮಂಟೇಸ್ವಾಮಿ.

“ಕರಗಿಸಿದ್ರೂ ಕೆಲ್ಸಕ್ಕೆ ಬರಲ್ಲ. ಕೊಡಿ ಇಲ್ಲಿ,” ಎಂದು ಮೀನಾ ಅದನ್ನು ಬಿಸಾಡುವ ಡಬ್ಬಕ್ಕೆ ಹಾಕಿದಳು.

ಕೆಂಪನಂಜಪ್ಪನವರು ಮಂಟೇಸ್ವಾಮಿಯ ಕಡೆ ತಿರುಗಿದರು. ಹೋದ ವರ್ಷ ಇದೇ ಮಂಟೇಸ್ವಾಮಿ ರೇಷ್ಮೆ ಮೊಟ್ಟೆಯನ್ನು ಐಸ್ ಗಡ್ಡೆಯ ಮೇಲಿಟ್ಟುಕೊಂಡು ಬಂದಿದ್ದ. ಒಂದೂ ಮರಿ ಹೊರಬರಲಿಲ್ಲ. ಅವತ್ತು ಇವರು ಬೈದ ಬೈಗುಳಕ್ಕೆ ಬೀದಿಯೇ ಬಾಗಿಲು ತೆರೆದು ನಿಂತಿತ್ತು. ಈಗ ಅದೇ ಬೈಗುಳವನ್ನು ಮತ್ತೆ ಬೈಯಬೇಕೆಂದು ಬಾಯಿ ತೆರೆದರು. ಆದರೆ ದೋಸೆಯನ್ನು ಎರಡು ತಿಂದವರು ತಾವೇ.

ಮತ್ತೆ ಮೆಡಿಕಲ್ ಸ್ಟೋರಿಗೆ ಓಟ. ಬಸವಕುಮಾರ್ ಇನ್ನೊಂದು ಡಬ್ಬಿ ಕೊಟ್ಟು, “ಇದೇ ಕೊನೇದು. ಇದೂ ಹೋದ್ರೆ ನಾಳೇನೇ” ಅಂದ. ಕೆಂಪನಂಜಪ್ಪನವರು ಈ ಸಲ ಚೀಲವನ್ನು ಮಂಟೇಸ್ವಾಮಿಯ ಕೈಗೆ ಸೋಕಿಸಲಿಲ್ಲ. ನೇರ ಬಂದರು. ಬಂದರೆ ಡಾಕ್ಟರು ಊಟಕ್ಕೆ ಹೊರಟಿದ್ದರು. ಮೀನಾ ಲಸಿಕೆಯನ್ನು ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿಟ್ಟು, “ಎರಡೂವರೆಗೆ ಬನ್ನಿ” ಎಂದು ಬಾಗಿಲು ಮುಂದಕ್ಕೆ ಎಳೆದಳು.

ಎರಡೂವರೆಯ ತನಕ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತು ಮಂಟೇಸ್ವಾಮಿ ಧೈರ್ಯ ತುಂಬಿದ. “ಅಣ್ಣ, ನಮ್ ಭಾವ ಏಳ್ತಿದ್ದ, ಫ್ಲೂ ಇಂಜೆಕ್ಷನ್ ತಕಂಡ್ರೆ ಫ್ಲೂನೇ ಬತ್ತದಂತೆ.” ಸ್ವಲ್ಪ ಹೊತ್ತಿನ ಮೇಲೆ, “ಸೂಜಿ ಇಷ್ಟುದ್ದ ಇರ್ತದಂತೆ” ಎಂದು ಮೊಣಕೈ ತೋರಿಸಿದ. ಕೆಂಪನಂಜಪ್ಪನವರ ಮುಖ ಬಿಳುಚಿದ್ದು ಕಂಡು ಅವನಿಗೇ ಕರುಣೆ ಬಂತು. ಓಡಿಹೋಗಿ ಕುದಿಯುವ ಕಾಫಿ ತಂದ. “ಕುಡ್ದುಬುಡು, ಎದ್ರಿಕೆಗೆ ಇದೇ ಮದ್ದು.” ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಕೆಂಪನಂಜಪ್ಪನವರು ಒಂದೇ ಗುಟುಕಿಗೆ ಸುರಿದುಕೊಂಡು ಒಳಗೆ ಹೋದರು.

ಮೀನಾ ಮೊದಲು ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟಳು. ತೆಗೆದು ನೋಡಿ, “ನೂರಾ ಎರಡು!” ಅಂದಳು. “ಇಷ್ಟು ಜ್ವರ ಇದ್ರೆ ಇವತ್ತು ಹಾಕಲ್ಲ. ವಾಸಿಯಾದ ಮೇಲೆ ಬನ್ನಿ.”

ಜ್ವರದ ಹುಳಕ್ಕೆ ಸೊಪ್ಪು ಹಾಕಬಾರದು, ಪೊರೆ ಬಿಟ್ಟು ಎದ್ದ ಮೇಲೇ ಹಾಕಬೇಕು. ಇದು ಕೆಂಪನಂಜಪ್ಪನವರದೇ ಕಾನೂನು.

“ನನ್ ಮೊಮ್ಮಗನ ನಾಮಕರಣ ಕಣವ್ವಾ,” ಅಂದರು. ಗದರುವ ಗಂಟಲು ಅದಲ್ಲ. “ಕಿವೀಲಿ ನಮ್ಮಪ್ಪನ ಯೆಸ್ರು ಏಳ್ಬೇಕು.”

ಮೀನಾ ಅವರ ಮುಖ ನೋಡಿದಳು. ಆಮೇಲೆ ಮೀಸೆ ನೋಡಿದಳು. ಮೀಸೆಯಲ್ಲಿ ಕಾಫಿಯ ನೊರೆ.

“ಈಗ ಬಿಸಿಬಿಸಿ ಏನಾದ್ರೂ ಕುಡಿದ್ರಾ?”

“ಕಾಫಿ.”

“ಅಯ್ಯೋ ದೇವ್ರೇ! ಕೂತ್ಕೊಳ್ಳಿ ಅಲ್ಲಿ. ಅರ್ಧ ಗಂಟೆ ಬಿಟ್ಟು ನೋಡೋಣ. ನೀರೂ ಮುಟ್ಟಬೇಡಿ.”

ಅರ್ಧ ಗಂಟೆಯ ಮೇಲೆ ಜ್ವರವೂ ಇಲ್ಲ, ಗಿರವೂ ಇಲ್ಲ. ಡಾಕ್ಟರು ಕೇಳಬೇಕಾದ್ದನ್ನೆಲ್ಲ ಕೇಳಿದರು. ಹಿಂದೆ ಯಾವುದಾದರೂ ಲಸಿಕೆಗೆ ಮೈ ಊದಿಕೊಂಡಿತ್ತೇ, ಉಸಿರು ಕಟ್ಟಿತ್ತೇ?

“ಕೊರೋನಾ ಸೂಜೀಲಿ ಏನೂ ಆಗ್ನಿಲ್ಲ ಸಾ. ಕಿರುಚ್ಕಂಡಿದ್ದೊಂದೇಯ,” ಎಂದು ಮಂಟೇಸ್ವಾಮಿಯೇ ಉತ್ತರ ಕೊಟ್ಟ. “ಇದ್ರಿಂದ ಫ್ಲೂ ಬತ್ತದಾ ಸಾ?”

“ಬರಲ್ಲ. ಇದರಲ್ಲಿ ಜೀವ ಇರೋ ವೈರಸ್ ಇಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಸ್ವಲ್ಪ ಬೆಚ್ಚಗಾಗಬಹುದು, ಅಷ್ಟೇ.”

ಕೆಂಪನಂಜಪ್ಪನವರು ತೋಳು ಒಡ್ಡಿದರು, ಕಣ್ಣು ಮುಚ್ಚಿದರು, “ಮಾದಪ್ಪಾ!” ಎಂದು ಕೂಗಿದರು. ಹೊರಗೆ ಹೋಗುತ್ತಿದ್ದ ಯಾರೋ ಭಕ್ತಿಯಿಂದ “ಉಘೇ” ಅಂದರು.

“ಯಾಕೆ ಕೂಗ್ತೀರಿ? ಹಾಕಿ ಆಯ್ತು,” ಅಂದಳು ಮೀನಾ.

“ಆಯ್ತಾ? ಯಾವಾಗ?” ಕಣ್ಣು ತೆರೆದ ಕೆಂಪನಂಜಪ್ಪನವರ ಎದೆ ಒಂದು ಗೇಣು ಉಬ್ಬಿತು. “ಇಷ್ಟೇ ತಾನೆ? ಇರುವೆ ಕಚ್ದಂಗೂ ಆಗ್ನಿಲ್ಲ! ಚೀಟಿ ಕೊಡವ್ವ.”

“ಅರ್ಧ ಗಂಟೆ ಇಲ್ಲೇ ಕೂರ್ಬೇಕು. ಅಪರೂಪಕ್ಕೆ ಯಾರಿಗಾದ್ರೂ ಒಗ್ಗದೆ ಹೋದ್ರೆ ನಾವು ಹತ್ರ ಇರ್ಬೇಕಲ್ಲ. ಆಮೇಲೆ ಚೀಟಿ.”

ಹೊಸ ಸೊಪ್ಪು ಹಾಕಿದ ಮೇಲೆ ಹುಳ ಹತ್ತುತ್ತವೋ ಇಲ್ಲವೋ ಎಂದು ತಾವೂ ನಿಂತು ನೋಡುವುದು ಉಂಟಲ್ಲ. ಕೂತರು. ಗೋಡೆಯ ಗಡಿಯಾರ ಮೂರೂ ಮುಕ್ಕಾಲು ತೋರಿಸಿದಾಗ ಮೀನಾ ಚೀಟಿ ಬರೆದಳು. ಕೆಂಪನಂಜಪ್ಪನವರು ಬಗ್ಗಿ ನೋಡಿದರು. ಮೇಲೆಯೇ ದಪ್ಪಗೆ ಇವತ್ತಿನ ತಾರೀಕು.

“ಅವ್ವಾ, ಎರಡ್ ತಿಂಗ್ಳು ಮುಂಚಿನ ತಾರೀಕು ಬರ್ಕೊಟ್ರೆ ನಿಂಗೆ ಪುಣ್ಯ ಬತ್ತದೆ.”

“ಪುಣ್ಯ ಬರುತ್ತೆ, ಕೆಲ್ಸ ಹೋಗುತ್ತೆ. ತಗೊಳ್ಳಿ,” ಎಂದು ಮೀನಾ ನಕ್ಕು ಚೀಟಿ ಚಾಚಿದಳು.

“ಎದ್ರಬ್ಯಾಡ ಅಣ್ಣ,” ಅಂದ ಮಂಟೇಸ್ವಾಮಿ. “ಎಬ್ಬೆಟ್ನ ತಾರೀಕಿನ ಮ್ಯಾಲಿಟ್ಟು ತೋರ್ಸು. ಯಾರು ನೋಡಾರು?”

ಆಟೊ ಹೊನ್ನೂರಿನ ದಾರಿ ಹಿಡಿಯಿತು. ಹಿಂದಿನ ಖಾಲಿ ಗೂಡಿನ ಚೀಲಗಳಿಂದ ರೇಷ್ಮೆ ಎಳೆ ಹಾರಿ ಹಾರಿ ಕೆಂಪನಂಜಪ್ಪನವರ ತಲೆ, ಮೀಸೆ, ಶಲ್ಯಕ್ಕೆಲ್ಲ ಮೆತ್ತಿಕೊಂಡಿತು. ಅವರಿಗೆ ಅದರ ಖಬರೇ ಇಲ್ಲ. ಅಪ್ಪನ ಹೆಸರನ್ನು ಬಾಯಲ್ಲೇ ಹೇಳಿಕೊಳ್ಳುತ್ತ, ಹೆಬ್ಬೆರಳನ್ನು ಚೀಟಿಯ ಮೇಲೆ ಇಟ್ಟು ತೆಗೆದು ಅಭ್ಯಾಸ ಮಾಡುತ್ತ ಕೂತರು. ತೋಳು ಸ್ವಲ್ಪ ನೋಯುತ್ತಿತ್ತು. ಆ ನೋವೂ ಅವರಿಗೆ ಹಿತವಾಗಿಯೇ ಇತ್ತು.

ಐದಕ್ಕೆ ಐದು ನಿಮಿಷ ಇರುವಾಗ ಆಟೊ ಶಿವಮಲ್ಲಪ್ಪನವರ ಮನೆಯ ಮುಂದೆ ನಿಂತಿತು. ಚಪ್ಪರ, ನೆಂಟರು, ಒಳಗೆ ಹೂವಿನ ತೊಟ್ಟಿಲು. ಬಾಗಿಲ ಹೊರಗೆ ಒಂದು ನೀಲಿ ಟಬ್ಬು. ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಂತು.

“ನೋಡ್ಲಾ, ಬೀಗ್ರು ನಮ್ಮಿಂದ ಬುದ್ಧಿ ಕಲ್ತವ್ರೆ!” ಎಂದು ಕೆಂಪನಂಜಪ್ಪನವರು ಹೆಮ್ಮೆಯಿಂದ ಪಂಚೆ ಎತ್ತಿ ಎರಡೂ ಕಾಲನ್ನು ಟಬ್ಬಿನಲ್ಲಿಟ್ಟರು. ಮಗುವನ್ನು ಎತ್ತಿಕೊಂಡು ಸೌಮ್ಯ ನಡುಮನೆಯಲ್ಲೇ ನಿಂತಿದ್ದಳು. ಪಕ್ಕದಲ್ಲಿದ್ದ ಶಾಂತಮೂರ್ತಿ ಒಂದು ಡೈರಿ ಹಿಡಿದು ಬಾಗಿಲಿಗೆ ಬಂದ.

“ಅಪ್ಪ, ಚೀಟಿ?”

“ತಕೋ!” ಕೆಂಪನಂಜಪ್ಪನವರು ಚೀಟಿಯನ್ನು ಎತ್ತಿ ಹಿಡಿದರು. ಹೆಬ್ಬೆರಳು ಸರಿಯಾದ ಜಾಗದಲ್ಲಿತ್ತು.

“ಬೆರಳು ತೆಗಿ ಅಪ್ಪ. ಬೇಕಾಗಿರೋದೇ ತಾರೀಕು.”

“ತಾರೀಕ್ಯಾಕಪ್ಪ ಈಗ?”

ಒಳಗಿಂದ ಸೌಮ್ಯ ಹೇಳಿದಳು: “ಈ ಲಸಿಕೆ ವರ್ಷಾ ವರ್ಷಾ ಹಾಕಿಸ್ಬೇಕು ಮಾವ. ಮುಂದಿನ ವರ್ಷ ಯಾರ್ಯಾರಿಗೆ ಯಾವಾಗ ಅಂತ ಬರ್ದಿಡ್ತಾ ಇದ್ದೀನಿ. ಚೀಟಿ ಕಳೆದೋಗಿದ್ರೂ ಪರವಾಗಿಲ್ಲ, ಬಾಯಲ್ಲೇ ಹೇಳಿ. ನಿಮ್ದೊಂದೇ ತಾರೀಕು ಬಾಕಿ.”

ಕೆಂಪನಂಜಪ್ಪನವರಿಗೆ ಜೀವ ಬಂದಂತಾಯಿತು. ಚೀಟಿಯನ್ನು ಮಡಚಿ ಜೇಬಿಗೆ ಇಳಿಸಲು ಹೊರಟರು. ಆದರೆ ಪಕ್ಕದಲ್ಲಿ ಮಂಟೇಸ್ವಾಮಿ ಇದ್ದ.

“ಕಳ್ದೋಗೋದಾ? ಎಲ್ಲಾದ್ರೂ ಉಂಟಾ ಕಣವ್ವ! ಶಾಯಿ ಕೂಡ ಒಣಗಿಲ್ಲ. ಈಗ್ತಾನೆ ಕೊಳ್ಳೇಗಾಲ್ದಲ್ಲಿ ಚುಚ್ಚುಸ್ಕ ಬತ್ತಾವ್ರೆ. ಮಾದಪ್ಪಾ ಅಂತ ಕೂಗಿದ್ದು ಬಸ್ ಸ್ಟ್ಯಾಂಡ್ಗೇ ಕೇಳುಸ್ತು!”

ಚಪ್ಪರದ ನೆಂಟರೆಲ್ಲ ಬಾಗಿಲ ಕಡೆ ತಿರುಗಿದರು. ಸುವರ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದು ನಗುವೋ ಸಿಟ್ಟೋ ತಿಳಿಯಲಿಲ್ಲ. ಸೌಮ್ಯ ಮಾತ್ರ ದನಿ ಏರಿಸಲಿಲ್ಲ.

“ಇವತ್ತಾದ್ರೂ ಹಾಕಿಸ್ಕೊಂಡ್ರಲ್ಲ, ಒಳ್ಳೇದಾಯ್ತು ಮಾವ. ಆದ್ರೆ ಅದು ಮೈಗೆ ಹತ್ತೋಕೆ ಎರಡು ವಾರ ಬೇಕು. ಅಲ್ಲಿವರೆಗೂ...” ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. “ಅಲ್ಲಿಂದಾನೇ ನೋಡಿ ಮಾವ. ಬೇಜಾರಾಗಬೇಡಿ.”

ಒಳಗೆ ಹಿರಿಯರೊಬ್ಬರು, “ಒತ್ತಾಯ್ತು, ತಾತ ಬರ್ಬೇಕು, ಮಡಿಲು ಕೊಡ್ಬೇಕು” ಎಂದು ಅವಸರ ಮಾಡಿದರು. ತಾತ ಬಂದರು. ಎರಡು ತಿಂಗಳ ಹಿಂದೆಯೇ, ಎಲ್ಲರಿಗಿಂತ ಮೊದಲು ಅಂಗಿಯ ತೋಳು ಮಡಚಿ ಲಸಿಕೆ ಹಾಕಿಸಿಕೊಂಡಿದ್ದ ಶಿವಮಲ್ಲಪ್ಪನವರು. ಕಡ್ಡಿಪುಡಿ ಬಿಟ್ಟು ಬಾಯಿ ತೊಳೆದುಕೊಂಡಿದ್ದರು. ನೇರ ಬಾಗಿಲಿಗೆ ಬಂದು ಅಡ್ಡ ನಿಂತು, ಟಬ್ಬಿನಲ್ಲಿದ್ದ ಬೀಗರನ್ನು ತಲೆಯ ರೇಷ್ಮೆ ಎಳೆಯಿಂದ ಕಾಲಿನ ತನಕ ನೋಡಿದರು.

“ಬೀಗ್ರೇ, ಬೇಜಾರ್ ಮಾಡ್ಕಬೇಡಿ,” ಅಂದರು, ಬಲು ಮೆತ್ತಗೆ. “ಮಗ ಎಳೇದು. ಅದಿನೈದ್ ದಿನ ಬುಟ್ಟು ಬನ್ನಿ. ಆಗ ಕಣ್ತುಂಬ ನೋಡೀರಂತೆ.”

ಕೆಂಪನಂಜಪ್ಪನವರ ಕಣ್ಣಲ್ಲಿ ನೀರು ಬಂತು. ಒಂದು ಕ್ಷಣ ನುಗ್ಗಿಬಿಡಲೇ ಅನ್ನಿಸಿತು. ಆಗ ಸೌಮ್ಯಳ ತೋಳಿನಲ್ಲಿ ಮಗು ಆಕಳಿಸಿತು. ನಾಲ್ಕು ಬೆರಳಗಲದ ಮುಖ, ಎಳೇ ಹುಳದಷ್ಟು ಮೆತ್ತಗೆ. ಎಳೆಯ ಜೀವದ ಬಾಗಿಲಲ್ಲಿ ಮೂವತ್ತು ವರ್ಷ ಕಾವಲು ನಿಂತ ಮನುಷ್ಯ, ಇವತ್ತು ಆ ಹೊಸ್ತಿಲನ್ನು ಹೇಗೆ ದಾಟುವುದು? ಅವರು ಶಲ್ಯ ಸರಿಮಾಡಿಕೊಂಡರು, ಎದೆ ಸೆಟೆಸಿದರು.

“ಕಾನೂನು ಅಂದ್ರೆ ಕಾನೂನೇ ಬುಡಿ ಬೀಗ್ರೇ.”

ಶಿವಮಲ್ಲಪ್ಪನವರು ಒಳಗೆ ಹೋಗಿ ಕಾಲು ಮಡಚಿ ಕೂತರು. ಮಗುವನ್ನು ಮಡಿಲಿಗೆ ಇಳಿಸಿಕೊಂಡರು. “ತಲೆ ಇಡ್ಕಳ್ರೀ, ಕತ್ತು ನಿಂತಿಲ್ಲ!” ಎಂದು ಟಬ್ಬಿನಿಂದ ಕೆಂಪನಂಜಪ್ಪನವರು ಗದರಿದರು. ಆಮೇಲೆ ಬೀಗರು ಬಗ್ಗಿ, ಮಗುವಿನ ಕಿವಿಗೆ ಬಾಯಿ ಇಟ್ಟು, ಯಾವುದೋ ಒಂದು ಹೆಸರನ್ನು ಮೂರು ಸಲ ಹೇಳಿದರು. ಅದು ಯಾರಪ್ಪನ ಹೆಸರೋ, ಟಬ್ಬಿನವರೆಗೆ ಕೇಳಿಸಲಿಲ್ಲ.